ರೇಷ್ಮೆಗೂಡಿನ ಹಾನ್: ಬಾಡಿಗೆ, ಮರಾಮತ್ತು ಮತ್ತು ಮಕ್ಕಳ ಫೀಸು



ಈ ಸಾಲಿನ ವಿದ್ಯಾರ್ಥಿವೇತನದ ಪಟ್ಟಿ ಕಳೆದ ಸಾಲಿನದಕ್ಕಿಂತ ಚಿಕ್ಕದು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ ದಿನದಿಂದ ಪೋಷಕರು ಒಬ್ಬೊಬ್ಬರಾಗಿ ಕಚೇರಿಗೆ ಬಂದು ಕಾರಣ ಕೇಳಿದ್ದಾರೆ. ದಾನಿಗಳಲ್ಲಿ ಕೆಲವರು ಫೋನ್ ಮಾಡಿದ್ದಾರೆ. ಒಬ್ಬ ತಾಯಿ ನೇರವಾಗಿಯೇ ಕೇಳಿದರು: "ಮಕ್ಕಳ ಫೀಸಿನ ದುಡ್ಡು ಅಂಗಡಿ ಸಾಲಿನ ಹೆಂಚಿಗೆ ಹೋಯ್ತಂತೆ, ನಿಜವೇನ್ರಿ?"

ನಿಜ. ಟ್ರಸ್ಟಿನ ಹಳೆಯ ಅಂಗಡಿ ಸಾಲಿನ ಮಾಡು, ಹಿಂಗೋಡೆ ಮತ್ತು ಚರಂಡಿಯ ಮರಾಮತ್ತಿಗೆ ಈ ವರ್ಷದ ಬಾಡಿಗೆಯ ದೊಡ್ಡ ಪಾಲು ಹೋಗಿದೆ. ಲೆಕ್ಕದ ಪುಟಗಳಲ್ಲಿ ಅದು ಒಂದೇ ಸಾಲಿನಲ್ಲಿದೆ. ಒಂದು ಸಾಲಿನ ಲೆಕ್ಕದಿಂದ ಯಾರಿಗೂ ಸಮಾಧಾನ ಆಗುವುದಿಲ್ಲ ಎಂದು ನಮಗೆ ಗೊತ್ತು. ಹಾಗಾಗಿ ಈ ಲೇಖನ.

ನಮ್ಮ ಅಂಗಡಿ ಸಾಲಿನ ಮಾತಿಗೆ ಮೊದಲು ಇನ್ನೊಂದು ಕಟ್ಟಡದ ಮಾತು ಹೇಳುತ್ತೇವೆ. ಕಳೆದ ವರ್ಷ ಉಮ್ರಾ ಮುಗಿಸಿ ತುರ್ಕಿಯ ಮೂಲಕ ಮರಳಿದ ನಮ್ಮ ಹಿರಿಯ ಸದಸ್ಯರೊಬ್ಬರು, ಇಡೀ ಆಯುಷ್ಯ ರೇಷ್ಮೆನೂಲು ತೆಗೆದವರು, ಬುರ್ಸಾ ಎಂಬ ಊರಿನಲ್ಲಿ ಒಂದು ದಿನ ಉಳಿದಿದ್ದರು. ಅಲ್ಲಿನ ಒಂದು ಕಟ್ಟಡದ ಫೋಟೋಗಳನ್ನು ಸಭೆಯಲ್ಲಿ ತೋರಿಸಿ, "ಇದರ ಹೆಸರೇ ಗೂಡಿನ ಹಾನ್. ನಮ್ಮ ಗೂಡಿನ ಮಾರ್ಕೆಟ್ಟಿನ ಅಣ್ಣ" ಎಂದರು. ಮರಾಮತ್ತು ಬೇಕೋ ಬೇಡವೋ ಎಂದು ನಾವು ಕಿತ್ತಾಡುತ್ತಿದ್ದ ಸಭೆ ಅದು. ಆ ಫೋಟೋಗಳು ಚರ್ಚೆಯ ದಾರಿಯನ್ನೇ ಬದಲಿಸಿದವು.

ಬುರ್ಸಾ ಉಸ್ಮಾನಿ ದೊರೆಗಳ ಮೊದಲ ರಾಜಧಾನಿ. 1326ರಲ್ಲಿ ಅವರ ಕೈಗೆ ಬಂದ ಊರು. ಈಗ ಅದು ದೊಡ್ಡ ಕೈಗಾರಿಕಾ ನಗರ, ಆದರೆ ಹಳೆಯ ಪೇಟೆಯ ಭಾಗ ಇನ್ನೂ ಕಾಲ್ನಡಿಗೆಯಲ್ಲಿ ಮುಗಿಯುವಷ್ಟೇ ಇದೆ. 1339ರ ಒರ್ಹಾನ್ ಮಸೀದಿ ಒಂದು ಕಡೆ, 1400ರ ಹೊತ್ತಿಗೆ ಮುಗಿದ ಉಲು ಜಾಮಿ ಎಂಬ ದೊಡ್ಡ ಮಸೀದಿ ಇನ್ನೊಂದು ಕಡೆ. ಇವೆರಡರ ನಡುವೆ ಇರುವುದೇ ಕೊಜಾ ಹಾನ್. ತುರ್ಕಿ ಭಾಷೆಯಲ್ಲಿ ಕೊಜಾ ಎಂದರೆ ರೇಷ್ಮೆಗೂಡು. ಹಾನ್ ಎಂದರೆ ವ್ಯಾಪಾರಿಗಳು ಸರಕು ಇಳಿಸಿ, ತಂಗಿ, ಮಾರಿ ಹೋಗುವ ಕಟ್ಟಡ. ಉರ್ದು, ಫಾರ್ಸಿಯಲ್ಲಿ ಕಾರ್ವಾನ್‌ಸರಾಯ್ ಅನ್ನುತ್ತೇವಲ್ಲ, ಅದರ ಪೇಟೆಯ ರೂಪ. ಸುಲ್ತಾನ್ ಎರಡನೆಯ ಬಾಯಜೀದ್ ಇದನ್ನು 1490–91ರಲ್ಲಿ ಕಟ್ಟಿಸಿದರು.

ಏಕೆ ಕಟ್ಟಿಸಿದರು ಎಂಬುದು ನಮಗೆ ಮುಖ್ಯ. ಬುರ್ಸಾದ ವ್ಯಾಪಾರಿಗಳಿಗೆ ಅನುಕೂಲವಾಗಲಿ ಎಂಬುದಷ್ಟೇ ಅದರ ಉದ್ದೇಶ ಆಗಿರಲಿಲ್ಲ. ಇಸ್ತಾಂಬುಲಿನಲ್ಲಿ ಅವರ ಹೆಸರಿನ ಮಸೀದಿ, ಮದ್ರಸಾ, ಬಡವರಿಗೂ ವಿದ್ಯಾರ್ಥಿಗಳಿಗೂ ಊಟ ಹಾಕುವ ಇಮಾರೆತ್ ಎಂಬ ಅಡುಗೆಮನೆ ನಡೆಯಬೇಕಿತ್ತು. ಅವಕ್ಕೆ ವರಮಾನ ಬೇಕು. ಆ ವರಮಾನಕ್ಕೆಂದೇ ಈ ಹಾನ್ ಅನ್ನು ವಕ್ಫ್ ಆಗಿ ಬಿಟ್ಟರು. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಹಾನ್ ಮುಗಿದದ್ದು 1491ರಲ್ಲಿ, ಇಸ್ತಾಂಬುಲಿನ ಮಸೀದಿಯ ಕೆಲಸ ಶುರುವಾದದ್ದು 1501ರಲ್ಲಿ, ಮುಗಿದದ್ದು 1506ರಲ್ಲಿ. ಗಳಿಸುವ ಕಟ್ಟಡ ಮೊದಲು ಎದ್ದಿತು, ಖರ್ಚಿನ ಕಟ್ಟಡ ಹತ್ತು ವರ್ಷ ಬಿಟ್ಟು. ನಮ್ಮ ಊರುಗಳಲ್ಲಿ ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತೇವೆ. ಚಂದಾ ಎತ್ತಿ ಮದ್ರಸಾ ಕಟ್ಟಿ, ಆಮೇಲೆ ಉಸ್ತಾದರ ಸಂಬಳಕ್ಕೆ ಮತ್ತೆ ಚಂದಾ ಎತ್ತುತ್ತೇವೆ.

ಇನ್ನು ಕಟ್ಟಡದ ರೂಪ. ನಡುವೆ ಆಯತಾಕಾರದ ದೊಡ್ಡ ಅಂಗಳ. ಅದರ ನಾಲ್ಕೂ ಸುತ್ತ ಎರಡು ಅಂತಸ್ತಿನ ಕೋಣೆಗಳು, ಕೋಣೆಗಳ ಮುಂದೆ ಕಮಾನುಗಳ ಪಡಸಾಲೆ. ಕೆಳಗೆ 45, ಮೇಲೆ 50, ಒಟ್ಟು 95 ಕೋಣೆ. ಗೋಡೆಗೆ ಕಲ್ಲು ಮತ್ತು ಸುಟ್ಟ ಇಟ್ಟಿಗೆಯನ್ನು ವರಸೆ ವರಸೆಯಾಗಿ ಇಟ್ಟಿದ್ದಾರೆ: ಒಂದು ಪಟ್ಟಿ ಕಲ್ಲು, ಅದರ ಮೇಲೆ ಕೆಂಪು ಇಟ್ಟಿಗೆಯ ಪಟ್ಟಿ, ಮತ್ತೆ ಕಲ್ಲು. ದೂರದಿಂದ ನೋಡಿದರೆ ಪಟ್ಟೆ ಲುಂಗಿಯ ಹಾಗೆ ಕಾಣುತ್ತದೆ ಎಂದು ಫೋಟೋ ನೋಡಿದ ಹುಡುಗನೊಬ್ಬ ಹೇಳಿದ. ಇದು ಚಂದಕ್ಕೆ ಮಾತ್ರ ಅಲ್ಲ. ಒರಟು ಕಲ್ಲಿನ ಗೋಡೆಯನ್ನು ಇಟ್ಟಿಗೆಯ ವರಸೆ ಆಗಾಗ ಮಟ್ಟಕ್ಕೆ ತಂದು ಕಟ್ಟಿ ಹಿಡಿಯುತ್ತದೆ. ಭೂಕಂಪದ ಸೀಮೆಯಲ್ಲಿ ಅದಕ್ಕೆ ಬೆಲೆ ಇದೆ. ಬುರ್ಸಾ 1855ರಲ್ಲಿ ದೊಡ್ಡ ಭೂಕಂಪ ಕಂಡಿತು, ಊರಿನ ಬಹಳಷ್ಟು ಕಟ್ಟಡ ಬಿದ್ದವು. 1958ರಲ್ಲಿ ಪೇಟೆಗೆ ಬೆಂಕಿ ಬಿದ್ದು ಮುಚ್ಚುಬಜಾರ್ ಸುಟ್ಟುಹೋಯಿತು. ಹಾನ್ ಇವತ್ತಿಗೂ ನಿಂತಿದೆ.

ಉತ್ತರದ ಕಡೆ ಕೆತ್ತನೆಯ ದೊಡ್ಡ ಹೆಬ್ಬಾಗಿಲು. ಇಂಥ ಹಾನ್‌ಗಳಲ್ಲಿ ಬಾಗಿಲು ಕಡಿಮೆ ಇಡುತ್ತಿದ್ದರು, ರಾತ್ರಿ ಅದನ್ನು ಹಾಕಿಬಿಟ್ಟರೆ ಒಳಗಿನ ಸರಕು ಒಂದು ಕೋಟೆಯಲ್ಲಿದ್ದ ಹಾಗೆ. ಕೆಳಗಿನ ಕೋಣೆಗಳು ಸರಕಿಗೆ, ಮೇಲಿನವು ವ್ಯಾಪಾರಿಗಳಿಗೆ. ಪೂರ್ವಕ್ಕೆ ಇನ್ನೊಂದು ಅಂಗಳವಿದೆ. ಅಲ್ಲಿ ಪ್ರಾಣಿಗಳ ಲಾಯ ಮತ್ತು ಗೋದಾಮು ಇದ್ದವು. ಒಂಟೆ, ಹೇಸರಗತ್ತೆಗಳ ಗಲೀಜು, ಗಲಾಟೆ ಬೆಲೆಬಾಳುವ ರೇಷ್ಮೆಯ ಹತ್ತಿರ ಬರದ ಹಾಗೆ ಮಾಡಿದ ಏರ್ಪಾಡು ಇದು.

ಅಂಗಳದ ನಟ್ಟನಡುವೆ ಎಂಟು ಮೂಲೆಯ ಪುಟ್ಟ ಮಸೀದಿ. ಅದು ನೆಲದ ಮೇಲಿಲ್ಲ, ಕಲ್ಲಿನ ಕಂಬಗಳ ಮೇಲೆ ನಿಂತಿದೆ. ಕೆಳಗೆ ವುಝೂ ಮಾಡಲು ನೀರಿನ ಕಾರಂಜಿ, ಮೆಟ್ಟಿಲು ಹತ್ತಿದರೆ ಮೇಲೆ ನಮಾಜಿನ ಕೋಣೆ. ಅಂಗಳದ ಜಾಗ ಸರಕಿಗೆ ಬೇಕು, ಜನರಿಗೆ ಜಮಾಅತ್ತೂ ಬೇಕು. ಎರಡನ್ನೂ ಒಂದರ ಮೇಲೊಂದು ಕೂಡಿಸಿ ಬಗೆಹರಿಸಿದ್ದಾರೆ. ಅಝಾನ್ ಆದಾಗ ವ್ಯಾಪಾರಿ ತನ್ನ ಸರಕನ್ನು ಕಣ್ಣಳತೆಯಲ್ಲೇ ಬಿಟ್ಟು ಮೇಲೆ ಹೋಗಿ ಬರಬಹುದಿತ್ತು.

ಹೆಸರು ಗೂಡಿನದಾದರೂ, ಕಟ್ಟಿದ ಕಾಲಕ್ಕೆ ಅಲ್ಲಿ ಗೂಡಿನ ವ್ಯಾಪಾರವೇ ಇರಲಿಲ್ಲ. ಹದಿನೈದನೆಯ ಶತಮಾನದ ಕೊನೆಯಲ್ಲಿ ಬುರ್ಸಾಕ್ಕೆ ಬರುತ್ತಿದ್ದದ್ದು ಕಚ್ಚಾ ರೇಷ್ಮೆನೂಲು. ಇರಾನಿನ ಗಿಲಾನ್ ಮುಂತಾದ ಕಡೆಗಳಿಂದ ಒಂಟೆಗಳ ಮೇಲೆ ತಬ್ರೀಜ್ ಮಾರ್ಗವಾಗಿ ಬರುತ್ತಿತ್ತು. ಕೊಳ್ಳಲು ಇಟಲಿಯ ಜಿನೋವಾ, ಫ್ಲಾರೆನ್ಸ್ ಊರುಗಳ ವ್ಯಾಪಾರಿಗಳು ಕಾಯುತ್ತಿದ್ದರು. ಸರಕಾರದ ತಕ್ಕಡಿಯಲ್ಲಿ ತೂಗಿ ಸುಂಕ ಕಟ್ಟಿದ ಮೇಲೆಯೇ ಮಾರಾಟ. ಕಟ್ಟಡಕ್ಕೂ ಆಗ ಬೇರೆ ಬೇರೆ ಹೆಸರಿದ್ದವು. ಹೊಸ ಹಾನ್ ಎಂದು ಒಮ್ಮೆ, ಸಿಮ್‌ಕೆಶ್ ಹಾನ್ ಎಂದು ಇನ್ನೊಮ್ಮೆ. ಸಿಮ್‌ಕೆಶ್ ಎಂದರೆ ಬೆಳ್ಳಿಯ ಎಳೆ ಎಳೆಯುವವನು, ಅಂದರೆ ನಮ್ಮ ಜರಿ ಕೆಲಸದವನು. ಯಾವ ಕಸುಬು ಜೋರಾಗಿತ್ತೋ ಆ ಹೆಸರು ಕಟ್ಟಡಕ್ಕೆ ಅಂಟುತ್ತಿತ್ತು.

1514ರ ಸುಮಾರಿಗೆ ಸುಲ್ತಾನ್ ಸಲೀಮ್ ಇರಾನಿನೊಂದಿಗೆ ಯುದ್ಧಕ್ಕೆ ಹೋಗಿ ಅಲ್ಲಿನ ರೇಷ್ಮೆ ವ್ಯಾಪಾರವನ್ನೇ ನಿಷೇಧಿಸಿದರು. ಅವರ ಮಗ ಸುಲೈಮಾನ್ 1520ರಲ್ಲಿ ಪಟ್ಟಕ್ಕೆ ಬಂದ ಮೇಲೆ ಅದನ್ನು ತೆಗೆದರು. ದೂರದ ಸರಕನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ಬುರ್ಸಾ ಆಗ ಕಂಡಿತು. ಮುಂದಿನ ಶತಮಾನದ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವುದು ಹಬ್ಬಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆಯಿಂದ ನಡೆಯುವ ಫಿಲೇಚರುಗಳು ಬಂದವು, ಅವಕ್ಕೆ ಗೂಡು ಬೇಕಾಯಿತು. ಹಳ್ಳಿಯವರು ಗೂಡು ತಂದು ಇದೇ ಅಂಗಳದಲ್ಲಿ ಸುರಿದು ಮಾರಿದರು. ಆಗ ಬಂದದ್ದು ಕೊಜಾ ಹಾನ್ ಎಂಬ ಹೆಸರು.

ಗೂಡಿನ ವ್ಯಾಪಾರ ಎಂದರೆ ಅವಸರದ ವ್ಯಾಪಾರ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಾದ ಹುಳು ಗೂಡು ಕಟ್ಟಿದ ಮೇಲೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದ ಎಳೆ ತೆಗೆಯಲಾಗುವುದಿಲ್ಲ. ರಾಶಿ ಹಾಕಿದ ಗೂಡು ಬಿಸಿಯಾಗಿ ಕೆಡುತ್ತದೆ. ಆದ್ದರಿಂದ ಗಾಳಿ ಬೇಕು, ನೆರಳು ಬೇಕು, ಒಂದೇ ದಿನದಲ್ಲಿ ನೂರಾರು ಲಾಟು ನೋಡಿ ಬೆಲೆ ಕೂಗುವಷ್ಟು ಜಾಗ ಬೇಕು. ಏಷ್ಯಾದಲ್ಲೇ ದೊಡ್ಡದು ಎನಿಸಿದ ರಾಮನಗರದ ಸರಕಾರಿ ಗೂಡಿನ ಮಾರುಕಟ್ಟೆಯ ಹಾಲ್‌ನಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದವರಿಗೆ ಇದರ ಅರ್ಥ ಗೊತ್ತು. ಬುರ್ಸಾದ ಅಂಗಳಕ್ಕೆ ಈ ಗುಣಗಳೆಲ್ಲ ಇದ್ದವು, ಗೂಡಿಗಾಗಿ ಕಟ್ಟದೇ ಇದ್ದರೂ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಟಿಪ್ಪು ಸುಲ್ತಾನರ ಕಾಲದಿಂದ ಬಂದ ಈ ಕಸುಬಿಗೆ ವರ್ಷವಿಡೀ ಸೊಪ್ಪು ಸಿಗುತ್ತದೆ, ವರ್ಷಕ್ಕೆ ಐದಾರು ಬೆಳೆ ತೆಗೆಯುವ ರೈತರಿದ್ದಾರೆ. ಬುರ್ಸಾದಲ್ಲಿ ಚಳಿಗಾಲಕ್ಕೆ ಮರವೆಲ್ಲ ಬೋಳು. ವಸಂತದ ಚಿಗುರಿನಲ್ಲಿ ಒಂದೇ ಬೆಳೆ, ಜೂನ್ ಹೊತ್ತಿಗೆ ಗೂಡು. ಕೆಲವೇ ವಾರದ ಸಂತೆ. ಉಳಿದ ತಿಂಗಳು ಆ 95 ಕೋಣೆಗಳು ಬೇರೆ ಕಸುಬಿನಿಂದ ಬಾಡಿಗೆ ದುಡಿಯಬೇಕಿತ್ತು, ದುಡಿದವು.

ಗೂಡಿನ ಕಾಲಕ್ಕೂ ಕಷ್ಟ ಬಂತು. ಹತ್ತೊಂಬತ್ತನೆಯ ಶತಮಾನದ ನಡುವೆ ಪೆಬ್ರಿನ್ ರೋಗ ಯುರೋಪಿನಂತೆ ಬುರ್ಸಾದ ಹುಳುಗಳನ್ನೂ ಹಿಡಿಯಿತು. ಪಾಶ್ಚರ್ ಕಂಡುಹಿಡಿದ ವಿಧಾನದಂತೆ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಒಳ್ಳೆಯ ಮೊಟ್ಟೆ ಆರಿಸುವುದನ್ನು ಕಲಿಸಲು 1888ರಲ್ಲಿ ಅಲ್ಲೊಂದು ರೇಷ್ಮೆ ಶಾಲೆ ತೆರೆಯಿತು. ಬೆಳೆಗಾರರ ಸಹಕಾರ ಸಂಘ ಕೊಜಾಬಿರ್ಲಿಕ್ 1940ರಲ್ಲಿ ಹುಟ್ಟಿತು. ಆಮೇಲೆ ಕೃತಕ ನೂಲು, ಚೀನಾದ ಅಗ್ಗದ ರೇಷ್ಮೆ. ಅಂಗಳದ ಗೂಡಿನ ರಾಶಿ ವರ್ಷ ವರ್ಷಕ್ಕೆ ಕರಗಿ, ಕೊನೆಗೆ ನಿಂತೇ ಹೋಯಿತು.

ಈಗ ಕೊಜಾ ಹಾನ್‌ನಲ್ಲಿ ರೇಷ್ಮೆಯ ಸ್ಕಾರ್ಫ್, ಶಾಲು ಮಾರುವ ಅಂಗಡಿಗಳು. ಅಂಗಳದ ಮರಗಳ ಕೆಳಗೆ ಚಹಾದ ಮೇಜುಗಳು. 2014ರಲ್ಲಿ ಯುನೆಸ್ಕೊ ಬುರ್ಸಾದ ಹಾನ್‌ಗಳ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಿರಿಯರು ಒಂದು ಅಂಗಡಿಯಲ್ಲಿ ನಿಂತು, ಕೈಸನ್ನೆಯಲ್ಲೇ, ಗೂಡು ಎಲ್ಲಿ ಎಂದು ಕೇಳಿದರಂತೆ. ಅಂಗಡಿಯಾತ ಗಾಜಿನ ಬಟ್ಟಲಲ್ಲಿ ಶೋಕಿಗೆ ಇಟ್ಟಿದ್ದ ನಾಲ್ಕು ಬಿಳಿ ಗೂಡು ತೋರಿಸಿದನಂತೆ. ಇದನ್ನು ಹೇಳುವಾಗ ಅವರ ಮುಖ ಸ್ವಲ್ಪ ಬಾಡಿತ್ತು. ಇಸ್ತಾಂಬುಲಿನ ಅಡುಗೆಮನೆಯದು ಇನ್ನೊಂದು ಕಥೆ. ಬಾಯಜೀದರ ಆ ಇಮಾರೆತ್ ಕಟ್ಟಡದಲ್ಲಿ 1884ರಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು, ಅದು ಈಗಲೂ ಅಲ್ಲೇ ಇದೆ. ಅನ್ನ ಬೇಯಿಸುತ್ತಿದ್ದ ಗುಮ್ಮಟಗಳ ಕೆಳಗೆ ಈಗ ಮಕ್ಕಳು ಕೂತು ಓದುತ್ತಾರೆ.

ಐದು ಶತಮಾನ, ಇಷ್ಟು ಕಸುಬು ಬದಲಾದರೂ ಕಟ್ಟಡ ಉಳಿದದ್ದು ಹೇಗೆ? ಮೊದಲನೆಯದು, ಕೋಣೆಗಳು ಸಾದಾ. ಇಂಥದ್ದೇ ಕಸುಬಿಗೆ ಎಂದು ಕಟ್ಟಿದ್ದಲ್ಲ. ಎರಡನೆಯದು ನಾವು ಈ ಲೇಖನ ಬರೆಯಲು ಕಾರಣವಾದ ವಿಷಯ: ವಕ್ಫ್‌ನ ವರಮಾನ ಮೊದಲು ಹೋಗಬೇಕಾದದ್ದು ಎಲ್ಲಿಗೆ ಎಂಬ ನಿಯಮ.

ವಕ್ಫ್‌ನ ಮೂಲ ಎಲ್ಲರಿಗೂ ಗೊತ್ತಿರುವುದೇ. ಹಜ್ರತ್ ಉಮರ್ ಅವರಿಗೆ ಖೈಬರ್‌ನಲ್ಲಿ ಒಳ್ಳೆಯ ಜಮೀನು ಸಿಕ್ಕಾಗ ಪ್ರವಾದಿವರ್ಯರು ಕೊಟ್ಟ ಸಲಹೆ, ಮೂಲವನ್ನು ಹಾಗೇ ಉಳಿಸಿ ಅದರ ಫಲವನ್ನು ದಾನ ಮಾಡುವುದು. ಮೂಲ ಉಳಿಯಬೇಕಾದರೆ ಅದನ್ನು ಯಾರಾದರೂ ಉಳಿಸಬೇಕಲ್ಲ. ಹನ್ನೆರಡನೆಯ ಶತಮಾನದ ಹಿದಾಯಾ ಗ್ರಂಥದಲ್ಲಿ ಹನಫಿ ಫಿಖ್ಹ್‌ನ ನಿಲುವು ಸ್ಪಷ್ಟವಾಗಿದೆ: ವಕ್ಫ್‌ನ ಆದಾಯವನ್ನು ಮೊದಲು ಅದರ ದುರಸ್ತಿಗೆ ಬಳಸುವುದು ಕಡ್ಡಾಯ, ವಕ್ಫ್ ಮಾಡಿದವರು ಹಾಗೆ ಬರೆದಿಟ್ಟಿರಲಿ, ಬಿಟ್ಟಿರಲಿ. ಫಲಾನುಭವಿಗಳ ಪಾಲು ಆಮೇಲೆ. ಓದುವಾಗ ಕಠಿಣ ಅನ್ನಿಸುತ್ತದೆ. ಹಸಿದವನಿಗಿಂತ ಗೋಡೆ ಮೊದಲೇ ಎಂದು ನಮ್ಮ ಸಭೆಯಲ್ಲೇ ಒಬ್ಬರು ಕೇಳಿದರು. ಆದರೆ ಈ ವರ್ಷದ ಹಸಿದವನ ಜೊತೆ ಮುಂದಿನ ಐವತ್ತು ವರ್ಷದ ಹಸಿದವರನ್ನೂ ಲೆಕ್ಕಕ್ಕೆ ಹಿಡಿದ ನಿಯಮ ಅದು.

ಉಸ್ಮಾನಿ ಕಾಲದ ದೊಡ್ಡ ವಕ್ಫ್‌ಗಳ ಸಂಬಳದ ಪಟ್ಟಿಯಲ್ಲಿ ಇಮಾಮ್, ಮುದರ್ರಿಸ್, ಅಡುಗೆಯವರ ಜೊತೆಗೆ ಮೆರೆಮ್ಮೆತ್‌ಚಿ ಎಂಬ ಒಬ್ಬ ನೌಕರ ಇರುತ್ತಿದ್ದ. ಒಡೆದದ್ದನ್ನು, ಸೋರಿದ್ದನ್ನು ಸರಿ ಮಾಡುವುದೇ ಅವನ ಕೆಲಸ. ಮೈಸೂರು ಸಂಸ್ಥಾನದ ಕಾಲದಿಂದ ನಮ್ಮ ಹಿರಿಯರು ಮರಾಮತ್ ಇಲಾಖೆ ಎನ್ನುತ್ತಿದ್ದರಲ್ಲ, ಅದೇ ಶಬ್ದ. ಮುದರ್ರಿಸರ ಸಂಬಳದಷ್ಟೇ ಸಹಜವಾಗಿ ಮರಾಮತ್ತಿನ ಸಂಬಳವನ್ನೂ ಬರೆದಿಡುತ್ತಿದ್ದರು.

ಈ ನಿಯಮ ಮೀರಿದ ಕಡೆ ಏನಾಯಿತು ಎಂಬುದೂ ಇತಿಹಾಸದಲ್ಲಿದೆ. ಬೆಂಕಿ, ಭೂಕಂಪದ ನಂತರ ದುರಸ್ತಿಗೆ ಹಣವಿಲ್ಲದ ವಕ್ಫ್‌ಗಳು ಹದಿನೇಳನೆಯ ಶತಮಾನದಿಂದ ಇಜಾರತೈನ್, ಅಂದರೆ ಎರಡು ಬಾಡಿಗೆ ಎಂಬ ದಾರಿ ಹಿಡಿದವು. ಬಾಡಿಗೆದಾರ ಮೊದಲಿಗೇ ಒಂದು ದೊಡ್ಡ ಮೊತ್ತ ಕೊಡುತ್ತಾನೆ, ಅದರಿಂದ ಕಟ್ಟಡ ಎದ್ದು ನಿಲ್ಲುತ್ತದೆ. ಆಮೇಲೆ ವರ್ಷಕ್ಕೆ ಸಣ್ಣ ಬಾಡಿಗೆ. ಆದರೆ ಅಂಗಡಿಯ ಹಕ್ಕು ಅವನಿಂದ ಅವನ ಮಕ್ಕಳಿಗೆ ಇಳಿಯುತ್ತದೆ. ಹಣದ ಬೆಲೆ ಕುಸಿಯುತ್ತ ಹೋದಂತೆ ಆ ಬಾಡಿಗೆ ಹೆಸರಿಗಷ್ಟೇ ಉಳಿಯಿತು. ಪಗಡಿ ಕೊಟ್ಟು ಸೇರಿಕೊಂಡು, ಅಜ್ಜನ ಕಾಲದ ಬಾಡಿಗೆಯನ್ನೇ ಕಟ್ಟುವ ಅಂಗಡಿಗಳನ್ನು ಕಂಡ ನಮ್ಮ ದಾನಿಗಳಿಗೆ ಇದು ದೂರದ ಕಥೆಯಾಗಿ ಕೇಳಿಸಲಾರದು.

ಈಗ ನಮ್ಮ ಅಂಗಡಿ ಸಾಲು. ಹಾನ್‌ನ ಮುಂದೆ ಇದು ಏನೂ ಅಲ್ಲ. ರಸ್ತೆಗೆ ಮುಖ ಮಾಡಿದ ಒಂದು ಸಾಲು, ಮಂಗಳೂರು ಹೆಂಚು, ಮರದ ತೊಲೆ, ಗಾರೆ ಗೋಡೆ, ಮೇಲೆ ಒಂದು ಅಟ್ಟದ ಹಾಲ್. ಆದರೂ ಇದರ ಕೋಣೆಗಳೂ ಸಾದಾ ಕೋಣೆಗಳೇ. ಒಂದು ಕಾಲಕ್ಕೆ ಗೂಡಿನ ಮೂಟೆ ಇಡುತ್ತಿದ್ದ ಕೋಣೆ ಸೈಕಲ್ ಷಾಪ್ ಆಯಿತು, ಎಸ್‌ಟಿಡಿ ಬೂತ್ ಆಯಿತು, ಜೆರಾಕ್ಸ್ ಅಂಗಡಿ ಆಯಿತು, ಈಗ ಮೊಬೈಲ್ ರಿಪೇರಿ. ಅಟ್ಟದಲ್ಲಿ ನೂಲು ಸುತ್ತುತ್ತಿದ್ದರು. ಈಗ ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳ ಟ್ಯೂಷನ್.

ತಪ್ಪು ನಮ್ಮದು ಎಂದು ಒಪ್ಪಿಕೊಳ್ಳುತ್ತೇವೆ. ಎರಡು ವರ್ಷ ಮಾಡಿನ ಕೆಲಸವನ್ನು ಮುಂದೂಡಿದೆವು. ಪ್ರತಿ ಸಲವೂ ಕಾರಣ ಒಳ್ಳೆಯದೇ ಇತ್ತು, ಇನ್ನು ನಾಲ್ಕು ಮಕ್ಕಳಿಗೆ ಫೀಸು ಕಟ್ಟಬಹುದಲ್ಲ ಎಂದು. ಕಳೆದ ಮಳೆಗಾಲದಲ್ಲಿ ಹಿಂಗೋಡೆಯ ಕಡೆಯಿಂದ ನೀರು ಇಳಿದು ಪುಸ್ತಕದ ಅಂಗಡಿಯ ಮಾಲು ನೆನೆಯಿತು. ಶಾಲೆ ಶುರುವಾಗುವ ತಿಂಗಳು ಅದು. ಬಾಡಿಗೆದಾರರು ಜಗಳ ಮಾಡಲಿಲ್ಲ, ಕೀಲಿ ಕೊಟ್ಟು ಹೋದರು. ಪಕ್ಕದ ಕೋಣೆಯೂ ಖಾಲಿಯಾಯಿತು. ನಾವು ಉಳಿಸಿದ್ದೆವು ಎಂದುಕೊಂಡ ಹಣಕ್ಕಿಂತ ಕಳೆದುಕೊಂಡ ಬಾಡಿಗೆ ಹೆಚ್ಚಾಯಿತು.

ಅದೇ ಹೊತ್ತಿಗೆ ಬಿಲ್ಡರ್ ಒಬ್ಬರು ಬಂದಿದ್ದರು. ಹಳೆಯದನ್ನು ಕೆಡವಿ ತಮ್ಮದೇ ಖರ್ಚಿನಲ್ಲಿ ಮೂರು ಮಹಡಿಯ ಕಾಂಪ್ಲೆಕ್ಸ್ ಕಟ್ಟಿಕೊಡುತ್ತೇವೆ, ದೀರ್ಘಾವಧಿಗೆ ಮಳಿಗೆಗಳು ನಮ್ಮ ಕೈಯಲ್ಲಿರಲಿ, ಟ್ರಸ್ಟಿಗೆ ತಿಂಗಳಿಗೆ ಇಷ್ಟು ಎಂದರು. ಮೊದಲು ಸಿಗುವ ಮೊತ್ತ ಕಣ್ಣು ಕುಕ್ಕುವಂತಿತ್ತು. ಒಪ್ಪಬೇಕು ಎಂದವರು ನಮ್ಮಲ್ಲಿ ಕಡಿಮೆ ಇರಲಿಲ್ಲ, ಅವರ ವಾದದಲ್ಲಿ ಹುರುಳಿಲ್ಲ ಎಂದೂ ಹೇಳುವುದಿಲ್ಲ. ಆದರೆ ಇಜಾರತೈನ್‌ನ ಕಥೆ ಕೇಳಿದ ಮೇಲೆ ಬಹುಮತ ಬೇರೆ ಕಡೆ ತಿರುಗಿತು. ಹೆಂಚು ಇಳಿಸಿ, ಗೆದ್ದಲು ಹಿಡಿದ ತೊಲೆ ಮತ್ತು ರೀಪು ಬದಲಿಸಿ, ಒಡೆಯದ ಹೆಂಚನ್ನು ಮತ್ತೆ ಹೊದಿಸಿ, ಗಾರೆ ಕೆಲಸ ಬಲ್ಲ ಮೇಸ್ತ್ರಿಯಿಂದ ಗೋಡೆ ಸರಿ ಮಾಡಿಸಿದೆವು. ಹಳೆಯ ಗಾರೆ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ ಎಂದು ಅವರು ಹೇಳಿದ್ದರಿಂದ ಸುಣ್ಣದ ಗಾರೆಯನ್ನೇ ಬಳಸಿದೆವು. ಕೆಲಸ ನಿಧಾನವಾಯಿತು. ಈಗ ಎರಡೂ ಕೋಣೆಗೆ ಬಾಡಿಗೆದಾರರು ಬಂದಿದ್ದಾರೆ.

ದಾನಿಗಳಲ್ಲಿ ಹಲವರು ಕೇಳಿದ ಒಂದು ಪ್ರಶ್ನೆಗೆ ಇಲ್ಲಿ ಖಚಿತ ಉತ್ತರ ಕೊಡಬೇಕು. ನೀವು ಕೊಟ್ಟ ಝಕಾತ್‌ನ ಒಂದು ಪೈಸೆಯೂ ಕಟ್ಟಡಕ್ಕೆ ಹೋಗಿಲ್ಲ, ಹೋಗುವಂತೆಯೂ ಇಲ್ಲ. ಝಕಾತ್ ಅರ್ಹ ವ್ಯಕ್ತಿಯ ಕೈಗೆ ಅವರ ಸ್ವಂತ ಸೊತ್ತಾಗಿ ಸೇರಬೇಕು ಎಂಬುದು ನಾವು ಅನುಸರಿಸುವ ಹನಫಿ ನಿಲುವು. ಗೋಡೆಗೆ, ಹೆಂಚಿಗೆ ಅದು ಸಲ್ಲುವುದಿಲ್ಲ. ಝಕಾತ್ ಖಾತೆ ಬೇರೆ, ಬಾಡಿಗೆ ಖಾತೆ ಬೇರೆ; ಎರಡೂ ಈ ವರದಿಯಲ್ಲಿ ಬೇರೆ ಬೇರೆ ಪುಟದಲ್ಲಿವೆ. ಪಟ್ಟಿ ಚಿಕ್ಕದಾದದ್ದು ಬಾಡಿಗೆಯಿಂದ ಬರುವ ಭಾಗದಲ್ಲಿ ಮಾತ್ರ. ಕಟ್ಟಡಕ್ಕೇ ಕೊಡಬೇಕು ಎಂದು ಬಯಸುವವರು ಅದನ್ನು ಸದಖಾ ಅಥವಾ ಇತರ ದಾನವಾಗಿ ಕೊಟ್ಟು, ರಸೀದಿಯಲ್ಲಿ ಹಾಗೆಂದು ಬರೆಸಿಕೊಳ್ಳಬೇಕಾಗಿ ಕೋರುತ್ತೇವೆ.

ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕುಟುಂಬಗಳಿಗೆ: ಈಗಾಗಲೇ ನೆರವು ಪಡೆಯುತ್ತಿದ್ದು, ಕೋರ್ಸಿನ ಮಧ್ಯದಲ್ಲಿರುವ ಯಾವ ವಿದ್ಯಾರ್ಥಿಯ ನೆರವನ್ನೂ ಈ ವರ್ಷ ನಿಲ್ಲಿಸಿಲ್ಲ. ಕಡಿತವಾದದ್ದು ಹೊಸ ಅರ್ಜಿಗಳಲ್ಲಿ. ಝಕಾತ್‌ಗೆ ಅರ್ಹರಾದ ಹೊಸ ಅರ್ಜಿದಾರರಿಗೆ ಆ ಖಾತೆಯಿಂದ ಎಂದಿನಂತೆ ನೆರವು ಮುಂದುವರಿದಿದೆ. ಈ ಸಲ ಅವಕಾಶ ಸಿಗದವರ ಅರ್ಜಿಗಳನ್ನು ಕಚೇರಿಯಲ್ಲೇ ಇಟ್ಟುಕೊಂಡಿದ್ದೇವೆ. ಎರಡು ಕೋಣೆಗಳ ಬಾಡಿಗೆ ಜಮೆಯಾಗುತ್ತ ಬಂದಂತೆ ಅವನ್ನೇ ಮೊದಲು ಪರಿಶೀಲಿಸುತ್ತೇವೆ. ಅಂಥವರು ಮತ್ತೆ ಹೊಸ ಅರ್ಜಿ ಹಾಕಬೇಕಾಗಿಲ್ಲ. ಮಗುವಿನ ಈ ಸಾಲಿನ ಅಂಕಪಟ್ಟಿಯ ನಕಲು ಮತ್ತು ಕಾಲೇಜಿನ ಫೀಸಿನ ರಸೀದಿಯನ್ನು ಮಾತ್ರ ತಂದು ಕೊಟ್ಟರೆ ಸಾಕು. ಕಚೇರಿ ಈಗ ಅಂಗಡಿ ಸಾಲಿನ ಅಟ್ಟದಲ್ಲಿದೆ. ಹಿಂಬದಿಯ ಮೆಟ್ಟಿಲು ಇನ್ನೂ ದುರಸ್ತಿಯಲ್ಲಿರುವುದರಿಂದ ದಯವಿಟ್ಟು ರಸ್ತೆಯ ಕಡೆಯ ಮೆಟ್ಟಿಲಿನಿಂದ ಬನ್ನಿ.